ಮಲ್ಲೇಶಪ್ಪನ ಹದಿನಾಲ್ಕನೇ ಕಲಂ

ಕೊಪ್ಪದ ಮಲ್ಲೇಶಪ್ಪನ ಶಿವಗಣಾರಾಧನೆಯ ದಿನ ಊಟಕ್ಕೆ ಮೊದಲು ನಾಲ್ಕು ಜನ ಮಾತಾಡಿದರು. ನಾಲ್ವರೂ ಒಂದೇ ಮಾತು ಹೇಳಿದರು: ಮಲ್ಲೇಶಪ್ಪ ಕೊಟ್ಟ ಮಾತಿಗೆ ತಪ್ಪಿದವನಲ್ಲ. ಮೂರನೆಯವರು ಇದನ್ನು ಹೇಳುವಾಗ ಕಣ್ಣೊರೆಸಿಕೊಂಡರು. ನಾಲ್ಕನೆಯವರು ಹೇಳುವಾಗ ಒಳಗಿನ ಕೋಣೆಯಿಂದ ಕೆಮ್ಮಿನಂಥ ಸದ್ದೊಂದು ಕೇಳಿತು. ಬಂದವರು ಅದನ್ನು ಅಳು ಅಂದುಕೊಂಡು ತಲೆ ತಗ್ಗಿಸಿದರು. ಅದು ಅಳುವಲ್ಲ. ಅವನ ಹೆಂಡತಿ ನೀಲಾಂಬಿಕೆ ನಕ್ಕದ್ದು.

ನಗದೆ ಇನ್ನೇನು ಮಾಡಬೇಕು? ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು ಎಂಬ ನಿಯಮ ಮಾಡಿದವರಿಗೆ ಮಲ್ಲೇಶಪ್ಪನ ಪರಿಚಯ ಇರಲಿಲ್ಲ. ಅವನು ಮಾತಿಗೆ ತಪ್ಪುತ್ತಿದ್ದ. ಸಂತೋಷವಾಗಿ, ಶ್ರದ್ಧೆಯಿಂದ, ಪ್ರತಿ ಸಲವೂ ಹೊಸ ಕಾರಣ ಹುಡುಕಿ ತಪ್ಪುತ್ತಿದ್ದ. ಅದನ್ನೆಲ್ಲ ಒರೆಸಿಹಾಕಿ ಬೇರೆ ಯಾರೋ ಸತ್ಪುರುಷನನ್ನು ಮಲ್ಲೇಶಪ್ಪ ಅಂತ ಕರೆದು ಹೂವು ಹಾಕಿದರೆ ನಿಜವಾದ ಮಲ್ಲೇಶಪ್ಪನಿಗೆ ಹೂವು ಹಾಕುವವರು ಯಾರು? ಅದಕ್ಕೇ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವುದು.

ಮಲ್ಲೇಶಪ್ಪನದು ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಸಣ್ಣದೊಂದು ಪ್ರಿಂಟಿಂಗ್ ಪ್ರೆಸ್. ಮನೆಯ ಮುಂದಿನ ಕೋಣೆಯೇ ಪ್ರೆಸ್ಸು, ಅದರ ಹಿಂದಿನ ಗೋಡೆಯಾಚೆ ಅಡಿಗೆಮನೆ. ಊರಿನಲ್ಲಿ ಎಲ್ಲರೂ ಕಂಪ್ಯೂಟರಿಗೆ ಹೋದ ಮೇಲೂ ಅವನು ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಕೈಯಲ್ಲಿ ಜೋಡಿಸಿ, ಮೋಟರು ಕೂರಿಸಿದ ಹಳೆಯ ಟ್ರೆಡಲ್ ಮಷಿನ್ನಿನಲ್ಲಿ ಲಗ್ನಪತ್ರಿಕೆ, ರಸೀದಿ ಪುಸ್ತಕ, ಸಹಕಾರ ಸಂಘದ ನೋಟೀಸು ಅಚ್ಚು ಹಾಕುತ್ತಿದ್ದ. ಕರಡು ತಿದ್ದುವುದಕ್ಕೆ ಹೈಸ್ಕೂಲಿನ ಕನ್ನಡ ಮೇಷ್ಟ್ರು ಸುಬ್ರಾಯ ಇದ್ದರು. ಅವರ ಸಂಬಳ ದಿನಕ್ಕೆ ಎರಡು ಲೋಟ ಕಾಫಿ. (ಮೂರನೇ ಲೋಟ ಕೇಳಿದರೆ ನೀಲಾಂಬಿಕೆ, "ಮೇಷ್ಟ್ರೇ, ಇವತ್ತು ಎಷ್ಟು ತಪ್ಪು ಸಿಕ್ತು?" ಅಂತ ಕೇಳುತ್ತಿದ್ದಳು.)

ಮೊಳೆ ಜೋಡಿಸುವವನಿಗೆ ಒಂದು ಕಷ್ಟ ಇದೆ. ಅವನು ಎಲ್ಲವನ್ನೂ ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾಗಿ, ಅಕ್ಷರ ಅಕ್ಷರವಾಗಿ ಓದಬೇಕು. ಹಾಗೆ ಓದಿದ್ದು ಬೇಗ ತಲೆಯಿಂದ ಇಳಿಯುವುದಿಲ್ಲ. ಮಲ್ಲೇಶಪ್ಪನ ತಲೆಗೆ ಸಂಘದ ನಿಯಮಾವಳಿ, ಹರಾಜಿನ ಷರತ್ತು, ದೇವಸ್ಥಾನದ ಸೇವಾ ಪಟ್ಟಿ ಎಲ್ಲ ಹೀಗೇ ಹತ್ತಿ ಕೂತಿದ್ದವು. ಎರಡು ಸಾವಿರದ ನಾಲ್ಕನೇ ಇಸವಿಯ ಜನವರಿಯಲ್ಲಿ ಹೊಸದಾಗಿ ಶುರುವಾಗುವ ಕಲ್ಯಾಣ ಮಂಟಪವೊಂದರ ಬಾಡಿಗೆ ಕರಾರು ಪತ್ರ ಅಚ್ಚಿಗೆ ಬಂತು. ಯಾರೋ ವಕೀಲರು ಬರೆದುಕೊಟ್ಟದ್ದು. ಹದಿಮೂರು ಕಲಂ ಜೋಡಿಸುವಾಗ ಮಲ್ಲೇಶಪ್ಪ ಆಕಳಿಸುತ್ತಿದ್ದ. ಹದಿನಾಲ್ಕಕ್ಕೆ ಬಂದಾಗ ಎದ್ದು ನಿಂತ.

"೧೪. ಅತಿವೃಷ್ಟಿ, ಪ್ರವಾಹ, ಬಿರುಗಾಳಿ, ಭೂಕಂಪ, ಗುಡ್ಡ ಕುಸಿತ, ಬೆಂಕಿ ಅನಾಹುತ, ಯುದ್ಧ, ದಂಗೆ, ಮುಷ್ಕರ, ಸಾಂಕ್ರಾಮಿಕ ರೋಗ, ಸರ್ಕಾರಿ ಆದೇಶ ಅಥವಾ ಮನುಷ್ಯಪ್ರಯತ್ನಕ್ಕೆ ಮೀರಿದ ಇಂಥ ಯಾವುದೇ ಅನಿರೀಕ್ಷಿತ ಘಟನೆ ಸಂಭವಿಸಿದಲ್ಲಿ ಉಭಯ ಪಕ್ಷದವರೂ ತಮ್ಮ ತಮ್ಮ ಬಾಧ್ಯತೆಗಳಿಂದ ಮುಕ್ತರು."

"ಮೇಷ್ಟ್ರೇ, ಇದು ಎಂತ ಸಾಹಿತ್ಯ ಮಾರಾಯ್ರೆ!" ಅಂದ. "ಮುಕ್ತರು ಅಂತೆ! ಋಷಿಮುನಿಗಳು ಕಾಡಿಗೆ ಹೋಗಿ ಹುಡುಕಿದ್ದು ಇಲ್ಲಿ ಹದಿನಾಲ್ಕನೇ ಕಲಮಲ್ಲಿ ಕೂತಿದೆ."

ಕೆಲಸ ಮುಗಿದ ಮೇಲೆ ಉಳಿದ ಹದಿಮೂರನ್ನೂ ಬಿಚ್ಚಿ ಮೊಳೆಗಳನ್ನು ಮೊಳೆಪೆಟ್ಟಿಗೆಯಲ್ಲಿ ಅವುಗಳ ಮನೆಗೆ ಹಾಕಿದ. ಹದಿನಾಲ್ಕನ್ನು ಬಿಚ್ಚಲಿಲ್ಲ. ಐದು ಸಾಲಿನ ಆ ಸೀಸದ ಇಟ್ಟಿಗೆಗೆ ದಾರ ಸುತ್ತಿ ಬಿಗಿದು ಕಿಟಕಿಯ ಕಟ್ಟೆಯ ಮೇಲೆ ಇಟ್ಟ. ಅಲ್ಲಿ ಆಗಲೇ ಇನ್ನೊಂದು ಇಟ್ಟಿಗೆ ಇತ್ತು. ಅದು ಲಗ್ನಪತ್ರಿಕೆಯ ಕೊನೆಯ ಐದು ಸಾಲು: ಸಕುಟುಂಬ ಸಪರಿವಾರ ಸಮೇತರಾಗಿ ಬಂದು ವಧೂವರರನ್ನು ಆಶೀರ್ವದಿಸಬೇಕೆಂದು ಕೋರುವುದು. ಎಲ್ಲ ಮದುವೆಗೂ ಅದು ಒಂದೇ ಆದ್ದರಿಂದ ಹದಿಮೂರು ವರ್ಷದಿಂದ ಬಿಚ್ಚದೆ ಹಾಗೇ ಇಟ್ಟಿದ್ದ. ಎರಡೂ ಒಂದೇ ಉದ್ದ, ಒಂದೇ ಅಗಲ, ಒಂದೇ ದಾರ. ಈ ವಿಷಯ ನೆನಪಿರಲಿ.

ಇನ್ನು ಮೊಪೆಡ್ಡಿನ ವಿಷಯ. ಪತ್ರಿಕೆಗಳನ್ನು ಊರೂರಿಗೆ ತಲುಪಿಸಲು ಮಲ್ಲೇಶಪ್ಪ ಒಂದು ಮೊಪೆಡ್ ಇಟ್ಟುಕೊಂಡಿದ್ದ. ನೀಲಾಂಬಿಕೆಯ ಅಕ್ಕ ಶಾಂತಕ್ಕನನ್ನು ಕೊಟ್ಟದ್ದು ನರಸಿಂಹರಾಜಪುರಕ್ಕೆ. ಅಕ್ಕನ ಮನೆಗೆ ಹೋದರೆ ನೀಲಾಂಬಿಕೆಗೆ ಮಾತು ಶುರುವಾಗುವ ಹೊತ್ತಿಗೆ ವಾಪಸ್ ಬಸ್ಸಿನ ಹೊತ್ತಾಗುತ್ತಿತ್ತು. "ಆ ಕಂಡಕ್ಟರ್ ಸೀಟಿ ಊದಿದಾಗ ನಾನು ಏಳ್ಬೇಕು. ನನ್ನಕ್ಕನ ಕಷ್ಟ ಅರ್ಧ ಕೇಳಿದೀನಿ ಇಷ್ಟು ವರ್ಷ, ಉಳಿದರ್ಧ ಬಸ್ಸಿಗೆ ಹೋಯ್ತು. ನಂಗೆ ಮೊಪೆಡ್ ಕಲಿಸಿ" ಅಂತ ಅವಳು ಕೇಳಲು ತೊಡಗಿ ಆರು ವರ್ಷವಾಗಿತ್ತು. ಆರು ವರ್ಷವೂ ಮಲ್ಲೇಶಪ್ಪ, "ಓಹೋ, ಅದಕ್ಕೇನು, ಮುಂದಿನ ವಾರ" ಅಂದಿದ್ದ.

ಆ ಜನವರಿಯಲ್ಲಿ ಅವಳು ಪ್ರೆಸ್ಸಿಗೇ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಬಾಯಿ ಮಾತು ಸಾಕು. ಅಚ್ಚು ಹಾಕಿ ಕೊಡಿ. ನೀವು ಅಚ್ಚಾಗಿದ್ದನ್ನ ಮಾತ್ರ ನಂಬೋರು."

ಮಲ್ಲೇಶಪ್ಪನಿಗೆ ಉತ್ಸಾಹ ಬಂತು. ಅರ್ಧ ಗಂಟೆಯಲ್ಲಿ ಕರಾರು ಪತ್ರ ಸಿದ್ಧ. ಒಂದನೇ ಕಲಂ: ಮೊದಲನೇ ಪಕ್ಷದವರು (ಗಂಡ) ಎರಡನೇ ಪಕ್ಷದವರಿಗೆ (ಹೆಂಡತಿ) ಹನ್ನೆರಡು ಭಾನುವಾರ, ಸಂಜೆ ನಾಲ್ಕರಿಂದ ಐದರವರೆಗೆ, ಆಟದ ಮೈದಾನದಲ್ಲಿ ಮೊಪೆಡ್ ಕಲಿಸತಕ್ಕದ್ದು. ಎರಡನೇ ಕಲಂ: ಕಲಿಸುವಾಗ ಬೈಯತಕ್ಕದ್ದಲ್ಲ. (ಇದು ನೀಲಾಂಬಿಕೆ ಹೇಳಿ ಹಾಕಿಸಿದ್ದು.) ಅದರ ಕೆಳಗೆ ನೇರವಾಗಿ ಹದಿನಾಲ್ಕು.

ನೀಲಾಂಬಿಕೆ ಬೆರಳಿಟ್ಟು ಓದಿದಳು. "ಎರಡಾದ ಮೇಲೆ ಹದಿನಾಲ್ಕು ಬಂತಲ್ಲ, ನಡುವಿನ ಹನ್ನೊಂದು ಎಲ್ಲಿ?"

"ಅವು ಅನಿರೀಕ್ಷಿತ ಕಾರಣಗಳಿಂದ ಬಂದಿಲ್ಲ."

"ಇದೆಂತಕ್ಕೆ ಇದು? ಯುದ್ಧ, ದಂಗೆ?"

"ಕಾನೂನು ಅಂದ್ರೆ ಹಾಗೇ ಮಾರಾಯ್ತಿ. ಹಾಕ್ಬೇಕಾಗುತ್ತೆ. ಎಲ್ಲಿ ಬರ್ತದೆ ಇಲ್ಲಿ ಯುದ್ಧ?"

ನೀಲಾಂಬಿಕೆ ಸಹಿ ಹಾಕಿದಳು. ಸಾಕ್ಷಿಯಾಗಿ ಸುಬ್ರಾಯ ಮೇಷ್ಟ್ರು ಸಹಿ ಹಾಕಿದರು. ಪತ್ರ ಅಡಿಗೆಮನೆಯ ಕ್ಯಾಲೆಂಡರಿನ ಮೊಳೆಗೆ ನೇತುಬಿತ್ತು.

ಯುದ್ಧ ಮೊದಲನೇ ಭಾನುವಾರವೇ ಬಂತು. ಮೈದಾನದಲ್ಲಿ ಎರಡು ನಾಯಿ ಕಚ್ಚಾಡುತ್ತಿದ್ದವು. ಎರಡನೇ ಭಾನುವಾರ ಕ್ರಿಕೆಟ್ ಟೂರ್ನಮೆಂಟ್, ಅಂಪೈರನನ್ನು ಹುಡುಗರು ಸುತ್ತುವರಿದಿದ್ದರು, ಅದು ದಂಗೆ. ಮೂರನೇ ಭಾನುವಾರ ಎದುರುಮನೆಯವರು ಎರಡು ಸಲ ಸೀನಿದರು, ಅದು ಸಾಂಕ್ರಾಮಿಕ ರೋಗ. ನಾಲ್ಕನೇ ಭಾನುವಾರ ಎಲ್ಲೋ ಕಲ್ಲುಕ್ವಾರಿಯಲ್ಲಿ ಮದ್ದು ಸಿಡಿದು ಲೋಟದ ನೀರು ಅಲ್ಲಾಡಿತು, ಅದು ಭೂಕಂಪ. ಆ ವರ್ಷ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೆ ಚುನಾವಣೆ. ನೀತಿ ಸಂಹಿತೆ ಜಾರಿಯಾದ ಭಾನುವಾರ ಮಲ್ಲೇಶಪ್ಪ ಗಂಭೀರವಾಗಿ ಹೇಳಿದ:

"ಸರ್ಕಾರಿ ಆದೇಶ ನೀಲಾ. ಈಗ ಹೆಂಡತಿಗೆ ಗಾಡಿ ಕಲಿಸಿದ್ರೆ ಮತದಾರರಿಗೆ ಆಮಿಷ ಒಡ್ಡಿದ ಹಾಗೆ."

"ನನ್ನ ವೋಟು ಕೇಳೋಕೆ ನೀವು ನಿಂತಿದೀರಾ?"

"ನಿಂತಿಲ್ಲ. ಆದ್ರೂ ನೋಡೋರ ಕಣ್ಣಿಗೆ ಸರಿ ಕಾಣಲ್ಲ."

ನೀಲಾಂಬಿಕೆಗೆ ಸಿಟ್ಟು ಬರಲಿಲ್ಲ ಅಂತಲ್ಲ. ಮರುದಿನ ಬೆಳಿಗ್ಗೆ ಮಲ್ಲೇಶಪ್ಪ ಕಡುಬಿಗೆ ಕಾದು ಕೂತರೆ ತಟ್ಟೆಯಲ್ಲಿ ಒಣ ಅವಲಕ್ಕಿ ಬಂತು. "ಸೌದೆ ಹಸಿ. ಮನುಷ್ಯಪ್ರಯತ್ನಕ್ಕೆ ಮೀರಿದ್ದು. ನಾನು ಮುಕ್ತಳು" ಅಂದಳು. ಮಲ್ಲೇಶಪ್ಪ ಅವಲಕ್ಕಿ ಅಗಿಯುತ್ತ, "ಕಲಂ ಚೆನ್ನಾಗಿ ಅರ್ಥ ಮಾಡ್ಕೊಂಡಿದೀಯ" ಅಂತ ಹೊಗಳಿದ. ನಾಚಿಕೆ ಎಂಬುದು ಆ ಮನುಷ್ಯನ ಮೊಳೆಪೆಟ್ಟಿಗೆಯಲ್ಲೇ ಇರಲಿಲ್ಲ.

ಆದರೆ ಅದಾದ ಮೇಲೆ ಅವಳು ಜಗಳ ಆಡುವುದನ್ನು ಬಿಟ್ಟಳು. ಭಾನುವಾರ ನಾಲ್ಕು ಗಂಟೆಗೆ ಮಲ್ಲೇಶಪ್ಪ ಅಂದಿನ ಅನಾಹುತ ಘೋಷಿಸಿದರೆ, "ಸರಿ, ನಾನು ಭಜನೆಗೆ ಹೋಗಿ ಬರ್ತೀನಿ" ಅಂತ ಸೆರಗು ಸಿಕ್ಕಿಸಿಕೊಂಡು ಆರೋಗ್ಯ ಕೇಂದ್ರದ ನರ್ಸ್ ದೇವಕಿಯ ಮನೆ ಕಡೆ ಹೋಗುತ್ತಿದ್ದಳು. ಒಂದು ಸಲ ಮೊಣಕಾಲಿನ ಕೆಳಗೆ ನೀಲಿಗಟ್ಟಿತ್ತು. ಇನ್ನೊಂದು ಸಲ ಮೊಣಕೈ ತರಚಿತ್ತು. "ಭಜನೇಲಿ ಕುಣಿಯೋಕೆ ಶುರು ಮಾಡಿದೀಯಾ?" ಅಂತ ಮಲ್ಲೇಶಪ್ಪ ಕೇಳಿದ. "ಭಕ್ತಿ ಜಾಸ್ತಿ ಆಗಿದೆ" ಅಂದಳು.

ಹೀಗೆ ಹತ್ತು ಭಾನುವಾರ ಹೋದವು. ಹತ್ತನೆಯ ಭಾನುವಾರ ಮಲ್ಲೇಶಪ್ಪನ ಮೇಜಿನ ಮೇಲೆ ಹರಿಹರಪುರದ ವಾಸಪ್ಪನ ಮಗಳು ಅರ್ಪಿತಾಳ ಲಗ್ನಪತ್ರಿಕೆ ಇತ್ತು. ವರ ಶೃಂಗೇರಿ ಹತ್ತಿರ ಮೆಣಸೆಯ ಬೈರಪ್ಪನ ಮಗ ನಿತೀಶ್. ನಾನೂರು ಪ್ರತಿ, ಮರುದಿನ ಬೆಳಿಗ್ಗೆಯೇ ಬೇಕು. ಮಲ್ಲೇಶಪ್ಪ ಹೆಸರು, ಮುಹೂರ್ತ, ಸ್ಥಳ ಎಲ್ಲ ಜೋಡಿಸಿದ. ಕೊನೆಯ ಐದು ಸಾಲನ್ನು ಜೋಡಿಸುವ ಕೆಲಸ ಇಲ್ಲವಲ್ಲ, ಕಟ್ಟೆಯ ಮೇಲಿದ್ದದ್ದನ್ನು ಎತ್ತಿ ಇಡುವುದಷ್ಟೆ. ಆಗ ಗಂಟೆ ಮೂರೂ ಮುಕ್ಕಾಲು. ಗೋಡೆಯಾಚೆಯಿಂದ, "ಇವತ್ತು ಎಂತ? ಪ್ರವಾಹಾನಾ?" ಅಂತ ನೀಲಾಂಬಿಕೆ ಕೂಗಿದಳು. ಹೊರಗೆ ಏಪ್ರಿಲ್ಲಿನ ಬಿಸಿಲು. ಪ್ರವಾಹ ಎಲ್ಲಿಂದ ತರುವುದು ಅಂತ ಯೋಚಿಸುತ್ತ, ಕಿಟಕಿಯಾಚೆ ಆಕಾಶವನ್ನೇ ನೋಡುತ್ತ, ಮಲ್ಲೇಶಪ್ಪ ಕೈಗೆ ಸಿಕ್ಕಿದ ಇಟ್ಟಿಗೆಯನ್ನು ಎತ್ತಿ ಚೌಕಟ್ಟಿನಲ್ಲಿ ಕೂರಿಸಿದ. ಬಿಗಿಯುವ ಮೊದಲು ನಂಬರಿನ ಮೊಳೆ ಎಲ್ಲೋ ಜಾರಿ ಬಿತ್ತು, ಅದೂ ಗೊತ್ತಾಗಲಿಲ್ಲ.

ಕರಡು ಸುಬ್ರಾಯ ಮೇಷ್ಟ್ರ ಕೈಗೆ ಹೋಯಿತು. ಅವರು 'ಶುಭವಿವಾಹ'ದಿಂದ ಹಿಡಿದು ಸ್ಥಳದ ಹೆಸರಿನವರೆಗೆ ಕಣ್ಣಿಟ್ಟು ಓದಿದರು. ಕೊನೆಯ ಐದು ಸಾಲು ಓದಲಿಲ್ಲ. ಹದಿಮೂರು ವರ್ಷದಿಂದ ಓದಿರಲಿಲ್ಲ. (ಈ ತಪ್ಪಿಗೆ ಮೇಷ್ಟ್ರು ಇವತ್ತಿನವರೆಗೂ ಮೂರನೇ ಲೋಟ ಕಾಫಿ ಕೇಳಿಲ್ಲ.) ಪತ್ರಿಕೆ ಹಂಚಿದ ವಾಸಪ್ಪನೂ ಓದಲಿಲ್ಲ, ಪಡೆದವರೂ ಓದಲಿಲ್ಲ. ಲಗ್ನಪತ್ರಿಕೆಯಲ್ಲಿ ಎಲ್ಲರೂ ತಮ್ಮ ಹೆಸರು ಸರಿಯಾದ ಜಾಗದಲ್ಲಿ ಇದೆಯೋ ಇಲ್ಲವೋ ಅಂತ ನೋಡುತ್ತಾರೆ, ಊಟ ಎಲ್ಲಿ ಅಂತ ನೋಡುತ್ತಾರೆ, ಮಡಚಿ ಇಡುತ್ತಾರೆ.

ಓದಿದವಳು ಒಬ್ಬಳೇ. ಮೆಣಸೆಯ ಬೈರಪ್ಪನ ತಾಯಿ ಭೈರಮ್ಮ. ಅವಳಿಗೆ ಓದಲು ಬರುತ್ತಿರಲಿಲ್ಲ. ಅದಕ್ಕೇ ಮೊಮ್ಮಗನನ್ನು ಎದುರಿಗೆ ಕೂರಿಸಿಕೊಂಡು ಮೇಲಿನಿಂದ ಕೆಳಗಿನವರೆಗೆ ಒಂದಕ್ಷರ ಬಿಡದೆ ಓದಿಸಿದಳು.

ಆ ಶನಿವಾರ ಬೆಳಿಗ್ಗೆ ಪ್ರೆಸ್ಸಿನ ಫೋನ್ ಬಡಿದುಕೊಂಡಿತು. ಹರಿಹರಪುರದಿಂದ ವಾಸಪ್ಪ.

"ಮಲ್ಲೇಶಪ್ಪ, ಎಂತ ಮಾಡಿದೆ ಮಾರಾಯ ನೀನು? ನನ್ನ ಮಗಳ ಮದುವೆ ಪತ್ರಿಕೇಲಿ ಭೂಕಂಪ ಎಂತಕ್ಕೆ ಬಂತು?"

"ಭೂಕಂಪ?"

"ಕೊನೇ ಸಾಲು ಓದು. ಉಭಯ ಪಕ್ಷದವರೂ ಮುಕ್ತರು ಅಂತೆ! ಬೈರಪ್ಪ ಫೋನ್ ಮಾಡಿ ಕೇಳ್ತಾರೆ, ಹೆಣ್ಣು ಕೊಡೋಕೆ ಮನಸ್ಸಿಲ್ಲದಿದ್ರೆ ಮನೆಗೆ ಬಂದು ಹೇಳಿ, ಮಳೆ ಗಾಳಿ ನೆಪ ಪ್ರಿಂಟ್ ಮಾಡಿಸಿ ಊರಿಗೆಲ್ಲ ಯಾಕೆ ಹಂಚಿದ್ರಿ ಅಂತ. ನಾ ಎಷ್ಟು ಹೇಳಿದ್ರೂ ನಂಬ್ತಿಲ್ಲ. ಸಂಜೆ ಒಳಗೆ ಪ್ರೆಸ್ಸಿನವರು ಬಂದು ನನ್ನ ತಾಯಿ ಎದುರಿಗೆ ಹೇಳ್ಲಿ, ಇಲ್ಲಾಂದ್ರೆ ಈ ಸಂಬಂಧ ಇಲ್ಲಿಗೆ ನಿಂತ ಹಾಗೆ ಅಂದ್ರು. ಅರ್ಪಿತಾ ಕೋಣೆ ಬಾಗಿಲು ಹಾಕ್ಕೊಂಡು ಅಳ್ತಿದಾಳೆ. ನೀನು ಈಗ ಹೊರಡು."

"ನೀವು ಜೀಪ್ ಕಳಿಸಿದ್ರೆ..."

"ಜೀಪ್ ಚುನಾವಣೆ ಕೆಲಸಕ್ಕೆ ತಗೊಂಡು ಹೋಗಿದಾರೆ. ಸರ್ಕಾರಿ ಆದೇಶ. ನೀನೇ ಬರೆದಿದೀಯಲ್ಲ!" ಫೋನ್ ಇಟ್ಟ ಸದ್ದಿಗೆ ಮಲ್ಲೇಶಪ್ಪನ ಕಿವಿ ಗುಂಯ್ ಅಂದಿತು.

ಅವನು ಚೌಕಟ್ಟಿನಲ್ಲಿ ಇನ್ನೂ ಕೂತಿದ್ದ ಆ ಸಾಲುಗಳನ್ನು ನೋಡಿದ. ಬಿಗಿ ಸಡಿಲಿಸಿ, ಇಟ್ಟಿಗೆಯನ್ನು ಎತ್ತಿ, ಸರಿಯಾದದ್ದನ್ನು ಇಡೋಣ ಅಂತ ತಿರುಗುವಷ್ಟರಲ್ಲಿ ಅದು ಜಾರಿತು. ಅತಿವೃಷ್ಟಿ, ಪ್ರವಾಹ, ಭೂಕಂಪ, ಯುದ್ಧಗಳು ಸೇರಿದ ಐದು ಸಾಲು ಸೀಸ ಬಂದು ಅವನ ಬಲಗಾಲಿನ ಹೆಬ್ಬೆರಳ ಮೇಲೆ ಬಿತ್ತು. ದಾರದ ಗಂಟು ಭದ್ರವಾಗಿತ್ತು, ಒಂದು ಮೊಳೆಯೂ ಚೆದುರಲಿಲ್ಲ.

ಸ್ಟೂಲಿನ ಮೇಲೆ ಕೂತು, ನರಳುತ್ತ, ಮಲ್ಲೇಶಪ್ಪ ಸರಿಯಾದ ಪತ್ರಿಕೆಯ ಹತ್ತು ಪ್ರತಿ ತೆಗೆದ. ಉಳಿದದ್ದು ಆಮೇಲೆ ನೋಡಿಕೊಳ್ಳೋಣ ಅಂದ. ಅಷ್ಟರಲ್ಲಿ ಹೆಬ್ಬೆರಳು ಕಡುಬಿನಷ್ಟು ಊದಿತ್ತು. ಮೊಪೆಡ್ಡಿನ ಪೆಡಲ್ ತುಳಿಯುವ ಮಾತೇ ಇಲ್ಲ. ಸುಬ್ರಾಯ ಮೇಷ್ಟ್ರು ಬಸ್ ಸ್ಟ್ಯಾಂಡಿಗೆ ಓಡಿಹೋಗಿ ಓಡಿಬಂದರು.

"ಬಸ್ ಇಲ್ಲ ಮಲ್ಲೇಶಪ್ಪ. ಮುಷ್ಕರ. ಬಾಡಿಗೆ ಜೀಪುಗಳೆಲ್ಲ ಚುನಾವಣೆಗೆ ಹೋಗಿವೆ."

"ಮೇಷ್ಟ್ರೇ, ನೀವು ಮೊಪೆಡ್..."

"ನಾನು ಸೈಕಲ್ಲೇ ಕಲಿತಿಲ್ಲ ಮಾರಾಯ."

ಆಗ ಅಡಿಗೆಮನೆಯಿಂದ ನೀಲಾಂಬಿಕೆ ಬಂದಳು. ಕೈಯಲ್ಲಿ ಕ್ಯಾಲೆಂಡರಿನ ಮೊಳೆಯಿಂದ ಬಿಡಿಸಿದ ಕರಾರು ಪತ್ರ.

"ಮುಷ್ಕರ" ಅಂತ ಬೆರಳಿಟ್ಟು ಎಣಿಸಿದಳು. "ಪಟ್ಟೀಲಿ ಒಂಬತ್ತನೇದು. ನೀವು ಮುಕ್ತರು. ಕಾಲು ಚಾಚಿ ಮಲಗಿ. ಕಾಫಿ ಮಾಡ್ಲಾ?"

"ಇದು ಬೇರೆ ಕಣೇ! ಒಂದು ಹುಡುಗಿ ಮದುವೆ ನಿಲ್ತಾ ಇದೆ!"

"ಅವರೂ ಮುಕ್ತರಂತಲ್ಲ. ಉಭಯ ಪಕ್ಷದವರು."

"ನೀಲಾ!"

"ಹಂಗಾದ್ರೆ ಈ ಕಲಂ ಸುಳ್ಳಾ?"

"ಸುಳ್ಳು ಅಂತಲ್ಲ... ಸಂದರ್ಭ ನೋಡ್ಕೊಂಡು..."

"ಸುಳ್ಳೋ ಅಲ್ವೋ ಹೇಳಿ. ಮೇಷ್ಟ್ರು ಸಾಕ್ಷಿ ನಿಂತಿದಾರೆ."

ಮಲ್ಲೇಶಪ್ಪ ಹೆಬ್ಬೆರಳು ನೋಡಿದ. ಫೋನ್ ನೋಡಿದ. ಅರ್ಪಿತಾ ನಾಲ್ಕನೇ ಕ್ಲಾಸಿನಲ್ಲಿ ಇದ್ದಾಗ ಅವಳ ಅಪ್ಪನ ಜೊತೆ ಪ್ರೆಸ್ಸಿಗೆ ಬಂದು ತನ್ನ ಹೆಸರನ್ನು ಸೀಸದಲ್ಲಿ ಜೋಡಿಸಿಕೊಂಡು ಹೋದದ್ದು ನೆನಪಾಯಿತು.

"ಸುಳ್ಳು" ಅಂದ.

"ಕೇಳಿಸ್ಲಿಲ್ಲ. ಮಷಿನ್ ಸದ್ದು."

"ಮಷಿನ್ ನಿಂತು ಕಾಲು ಗಂಟೆ ಆಯ್ತು! ಸುಳ್ಳು ಮಾರಾಯ್ತಿ, ಹತ್ತೂ ಭಾನುವಾರ ಹಸಿ ಸುಳ್ಳು!"

ನೀಲಾಂಬಿಕೆ ಪತ್ರ ಮಡಚಿ ಸೊಂಟಕ್ಕೆ ಸಿಕ್ಕಿಸಿದಳು. ಗೋಡೆಯ ಮೇಲಿದ್ದ ಬೀಗದ ಕೈ ತೆಗೆದುಕೊಂಡಳು. ಅಂಗಳಕ್ಕೆ ಇಳಿದು ಮೊಪೆಡ್ಡನ್ನು ಸ್ಟ್ಯಾಂಡಿನ ಮೇಲೆ ಎಳೆದು, ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆದು ಅಲ್ಲಾಡಿಸಿ ನೋಡಿ, ಎರಡು ಸಲ ಪೆಡಲ್ ತುಳಿದಳು. ಗಾಡಿ ಡುರ್ ಅಂತ ಹೊತ್ತಿಕೊಂಡಿತು. (ಮಲ್ಲೇಶಪ್ಪನಿಗೆ ಅದು ಹೊತ್ತಿಕೊಳ್ಳಲು ಯಾವಾಗಲೂ ಆರು ಸಲ ಬೇಕಾಗುತ್ತಿತ್ತು.)

"ನೀನು... ಯಾವಾಗ..."

"ಭಜನೇಲಿ. ದೇವಕಿ ಕಲಿಸಿದ್ಲು, ಅವಳ ಗಾಡೀಲಿ. ಹತ್ತಿ."

ಊದಿದ ಕಾಲಿಗೆ ಚಪ್ಪಲಿ ಹಿಡಿಸಲಿಲ್ಲ. ಪಂಚೆ ಉಟ್ಟಿದ್ದವನು ಎರಡೂ ಕಡೆ ಕಾಲು ಹಾಕುವ ಹಾಗಿರಲಿಲ್ಲ. ಹಾಗಾಗಿ ಮಲ್ಲೇಶಪ್ಪ ಒಂದೇ ಚಪ್ಪಲಿಯಲ್ಲಿ, ಒಂದೇ ಕಡೆಗೆ ಎರಡೂ ಕಾಲು ಇಳಿಬಿಟ್ಟು, ಎದೆಗೆ ಪತ್ರಿಕೆಯ ಚೀಲ ಅಪ್ಪಿಕೊಂಡು, ಹೆಂಡತಿಯ ಹಿಂದೆ ಕೂತು ಕೊಪ್ಪದ ಪೇಟೆಯ ನಡುವೆ ಹಾದುಹೋದ. ಬ್ಯಾಂಕಿನ ಮೆಟ್ಟಿಲ ಮೇಲಿದ್ದವರು ಎದ್ದು ನಿಂತು ನೋಡಿದರು.

ತಿರುವಿನಲ್ಲಿ ಮಲ್ಲೇಶಪ್ಪ, "ನಿಧಾನ! ಬ್ರೇಕ್ ಹಿಡಿಯೇ! ಕಣ್ಣು ಕಾಣಲ್ವಾ?" ಅಂತ ಅರಚಿದ.

"ಎರಡನೇ ಕಲಂ!" ಅಂತ ಮುಂದಿನಿಂದ ಉತ್ತರ ಬಂತು.

ಏರು ಬಂದಾಗ ಇನ್ನೊಂದು ಸಂಕಟ. ಇಬ್ಬರನ್ನು ಹೊತ್ತು ಏರು ಹತ್ತುವಷ್ಟು ಕಸುವು ಆ ಗಾಡಿಗೆ ಇರಲಿಲ್ಲ. ನೀಲಾಂಬಿಕೆ ನಿಲ್ಲಿಸಿ, "ಇಳೀರಿ, ಏರು ಬಂತು" ಅನ್ನುತ್ತಿದ್ದಳು. ಅವಳು ಗಾಡಿಯಲ್ಲಿ ಸುಯ್ಯೆಂದು ಮೇಲೆ ಹೋಗಿ ನಿಂತರೆ, ಮಲ್ಲೇಶಪ್ಪ ಒಂಟಿ ಚಪ್ಪಲಿಯಲ್ಲಿ ಕುಂಟುತ್ತ ಹತ್ತಿ ಬರಬೇಕು. ಮೆಣಸೆ ಸೇರುವಷ್ಟರಲ್ಲಿ ಹಾಗೆ ಏಳು ಸಲ ಇಳಿದ. ಏಳನೆಯ ಸಲ ಅಂಗಡಿಯ ಕಟ್ಟೆಯಲ್ಲಿ ಕೂತ ಯಾರೋ, "ಎಂತ ಯಜಮಾನ್ರೆ, ಹೆಂಡ್ತಿ ಬಿಟ್ಟು ಹೋದ್ರಾ?" ಅಂತ ಕೇಳಿದರು.

ಬೈರಪ್ಪನ ಮನೆಯ ಜಗಲಿಯಲ್ಲಿ ಇಡೀ ಮನೆ ಕಾದು ಕೂತಿತ್ತು. ನಡುವೆ ಭೈರಮ್ಮ, ತೊಡೆಯ ಮೇಲೆ ಪತ್ರಿಕೆ. ಬೈರಪ್ಪ, "ಕೂತ್ಕೊಳ್ಳಿ" ಅಂದದ್ದರಲ್ಲಿ ಕೂರಿಸುವ ಮನಸ್ಸು ಇರಲಿಲ್ಲ. ಮಲ್ಲೇಶಪ್ಪ ಗಂಟಲು ಸರಿಮಾಡಿಕೊಂಡು ಶುರುಮಾಡಿದ: "ಮಾನ್ಯರೇ, ಮುದ್ರಣ ಎಂಬ ಮಹಾಯಜ್ಞದಲ್ಲಿ ಕೆಲವೊಮ್ಮೆ ಮನುಷ್ಯಪ್ರಯತ್ನಕ್ಕೆ ಮೀರಿದ, ಅನಿರೀಕ್ಷಿತವಾದ..."

"ರೀ," ಅಂದಳು ನೀಲಾಂಬಿಕೆ. "ಇದ್ದದ್ದು ಹೇಳಿ."

ಮಲ್ಲೇಶಪ್ಪ ಹೇಳಿದ. ಕಟ್ಟೆಯ ಮೇಲಿನ ಎರಡು ಇಟ್ಟಿಗೆ, ಕರಾರು, ನಾಯಿಗಳ ಯುದ್ಧ, ಎದುರುಮನೆಯ ಸೀನು, ನೀತಿ ಸಂಹಿತೆ, ಆ ಹತ್ತನೆಯ ಭಾನುವಾರ ಪ್ರವಾಹ ಹುಡುಕುತ್ತ ಆಕಾಶ ನೋಡಿದ್ದು, ಒಂದನ್ನೂ ಬಿಡಲಿಲ್ಲ. ಬಾಗಿಲ ಹಿಂದೆ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಮದುಮಗ ನಿತೀಶ್ ಕಂಬ ಹಿಡಿದು ನಗುತ್ತಿದ್ದ. ಬೈರಪ್ಪ ಮಾತ್ರ ನಗಲಿಲ್ಲ.

"ಅಂದ್ರೆ, ನಿಮ್ಮ ಹೆಂಡತಿಗೆ ಗಾಡಿ ಕಲಿಸೋದು ತಪ್ಪಿಸ್ಕೊಳ್ಳೋಕೆ ಹೋಗಿ ನನ್ನ ಮಗನ ಮದುವೆಗೆ ಭೂಕಂಪ ತಂದ್ರಿ."

"ಹೌದು."

ಭೈರಮ್ಮ ಮೊದಲ ಸಲ ಬಾಯಿ ತೆರೆದಳು. "ಎಂತಕ್ಕೆ ಕಲಿಸ್ಲಿಲ್ಲ ನೀನು? ಕಲಿಸಿದ್ರೆ ನಿಂದೇನು ಹೋಗ್ತಿತ್ತು?"

ಮಲ್ಲೇಶಪ್ಪ ಹೆಬ್ಬೆರಳು ನೋಡಿಕೊಂಡ.

"ಅವಳಿಗೆ ಬಂದುಬಿಟ್ರೆ ಆಮೇಲೆ ನನ್ನ ಕರೆಯೋದಿಲ್ವಲ್ಲ ಅಮ್ಮ" ಅಂದ. "ಎಲ್ಲಿಗೆ ಹೋಗ್ಬೇಕಾದ್ರೂ ಈಗ ಬನ್ರೀ ಬನ್ರೀ ಅಂತಾಳೆ."

"ಕರೆದಾಗ ಬಂದಿದ್ದು ಯಾವಾಗ ನೀವು?" ಅಂದಳು ನೀಲಾಂಬಿಕೆ. ಆದರೆ ದನಿ ಸ್ವಲ್ಪ ಇಳಿದಿತ್ತು.

ಭೈರಮ್ಮ ಹೊಸ ಪತ್ರಿಕೆ ತೆಗೆದುಕೊಂಡು ಮೊಮ್ಮಗನಿಂದ ಪೂರ್ತಿ ಓದಿಸಿದಳು. ಆಮೇಲೆ ಹಳೆಯದನ್ನು ಮಡಚಿ ತನ್ನ ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡಳು. "ಮುಕ್ತರು ಅಂತ ನನ್ನ ಮದುವೇಲಿ ಯಾರೂ ಹೇಳಿರ್ಲಿಲ್ಲ. ನಂಗಿರ್ಲಿ" ಅಂದಳು. ಮಗನ ಕಡೆ ತಿರುಗಿ, "ವಾಸಪ್ಪಂಗೆ ಫೋನ್ ಮಾಡು, ಮದುವೆ ಆಗ್ತದೆ ಅಂತ" ಅಂದಳು. ಕೊನೆಗೆ ಮಲ್ಲೇಶಪ್ಪನ ಕಡೆ: "ಮಾತು ಕೊಟ್ಟಿದ್ದು ಹನ್ನೆರಡು ಭಾನುವಾರ ಅಲ್ವಾ? ಅವಳಿಗೆ ಕಲಿಸೋದು ಎಂತ ಉಳೀಲಿಲ್ಲ. ಆದ್ರೆ ಮಾತು ಉಳಿದಿದೆ. ಹನ್ನೆರಡು ಭಾನುವಾರ ಅವಳು ಹೋದಲ್ಲಿಗೆ ಅವಳ ಹಿಂದೆ ಕೂತ್ಕೊಂಡು ಹೋಗ್ಬೇಕು ನೀನು. ಯುದ್ಧ ಆಗ್ಲಿ, ಭೂಕಂಪ ಆಗ್ಲಿ."

ಮದುವೆ ಚೆನ್ನಾಗಿ ಆಯಿತು. ಅವತ್ತು ನೀಲಾಂಬಿಕೆ ಗಂಡನನ್ನು ಹಿಂದೆ ಕೂರಿಸಿಕೊಂಡೇ ಬಂದಳು. ಆಮೇಲೆ ಕೊಪ್ಪದಿಂದ ಶೃಂಗೇರಿಯವರೆಗೆ ಮಲ್ಲೇಶಪ್ಪನಿಗೆ 'ಹಿಂದಿನ ಸೀಟು' ಅಂತಲೇ ಹೆಸರಾಯಿತು. ಅವನು ಬೇಸರ ಮಾಡಿಕೊಳ್ಳಲಿಲ್ಲ. ಆದರೆ ಸುಧಾರಿಸಲೂ ಇಲ್ಲ. ಹನ್ನೆರಡು ಭಾನುವಾರವನ್ನು ಅವನು ನಾಲ್ಕೂವರೆ ವರ್ಷಕ್ಕೆ ಹಿಗ್ಗಿಸಿದ. ಸೊಂಟ ನೋವು ಅಂದ, ಗ್ರಹಣ ಅಂದ, ಕ್ರಿಕೆಟ್ ವರ್ಲ್ಡ್ ಕಪ್ ಅಂದ. ನೀಲಾಂಬಿಕೆ ಒಬ್ಬಳೇ ಹೋಗಿ ಶಾಂತಕ್ಕನ ಕಷ್ಟದ ಉಳಿದರ್ಧವನ್ನು ಪೂರ್ತಿ ಕೇಳಿಕೊಂಡು ಬಂದಳು. ಅವನು ಹಿಂದೆ ಕೂತು ಹೋದ ಭಾನುವಾರಗಳನ್ನು ಮಾತ್ರ ಕರಾರು ಪತ್ರದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ಇಟ್ಟಳು. ಹನ್ನೊಂದು ಗೆರೆ ಬಿದ್ದವು.

ಎರಡು ಸಾವಿರದ ಎಂಟನೇ ಇಸವಿಯ ಡಿಸೆಂಬರಿನ ಒಂದು ಗುರುವಾರ ಬೆಳಿಗ್ಗೆ, ಮಷಿನ್ನಿನ ಮುಂದೆ ಸ್ಟೂಲಿನ ಮೇಲೆ ಕೂತಿದ್ದವನು ಹಾಗೇ ಗೋಡೆಗೆ ಒರಗಿದ. ಮಷಿನ್ ಓಡುತ್ತಲೇ ಇತ್ತು. ಸುಬ್ರಾಯ ಮೇಷ್ಟ್ರು ಬಂದು ಸ್ವಿಚ್ ಆರಿಸಿದರು.

ಶಿವಗಣಾರಾಧನೆಗೆ ಬಂದ ಜನ ಎಲ್ಲ ಹೋದ ಮೇಲೆ ಮೇಷ್ಟ್ರು ಏನಾದರೂ ಹೇಳಬೇಕಲ್ಲ ಅಂತ, "ಇರ್ಲಿ ನೀಲಮ್ಮ. ಇನ್ನು ಅವನು ಎಲ್ಲದರಿಂದ ಮುಕ್ತ" ಅಂದರು.

"ಯಾರು ಹೇಳಿದ್ದು?" ಅಂದಳು ನೀಲಾಂಬಿಕೆ. ಒಳಗೆ ಹೋಗಿ ಕರಾರು ಪತ್ರ ತಂದಳು. "ಪಟ್ಟಿ ಓದಿ."

ಮೇಷ್ಟ್ರು ಕನ್ನಡಕ ಹಾಕಿಕೊಂಡು ಅತಿವೃಷ್ಟಿಯಿಂದ ಸರ್ಕಾರಿ ಆದೇಶದವರೆಗೆ ಓದಿದರು. ಈ ಸಲ ಕೊನೆಯ ಸಾಲನ್ನೂ ಓದಿದರು.

"ಸಾವು ಇದೆಯಾ ಅದರಲ್ಲಿ?"

"ಇಲ್ಲ. ಆದ್ರೆ ಇಂಥ ಯಾವುದೇ ಅನಿರೀಕ್ಷಿತ ಘಟನೆ ಅಂತ ಇದೆ."

"ಸಾವು ಅನಿರೀಕ್ಷಿತಾನಾ ಮೇಷ್ಟ್ರೇ? ಹುಟ್ಟಿದ ದಿನದಿಂದ ಎಲ್ಲರಿಗೂ ಗೊತ್ತಿರೋದೇ. ನಡೆಯಲ್ಲ. ಒಂದು ಭಾನುವಾರ ಉಳಿದಿದೆ, ಬರ್ಬೇಕು ಅವರು."

ಮುಂದಿನ ಭಾನುವಾರ ಬೆಳಿಗ್ಗೆ ಅವಳು ಮೊಪೆಡ್ ತೆಗೆದುಕೊಂಡು ನರಸಿಂಹರಾಜಪುರಕ್ಕೆ ಅಕ್ಕನ ಮನೆಗೆ ಹೋದಳು. ಇಂಥ ಸಮಯದಲ್ಲಿ ಹೊರಗೆ ಹೋಗಬಾರದು ಅಂತ ಇಬ್ಬರು ಹೇಳಿದರು. ಅವಳು, "ದಾರಿ ಬಿಡಿ" ಅಂದಳು. ಸಂಜೆ ಬಂದು ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಪ್ರೆಸ್ಸಿನ ಬಾಗಿಲಲ್ಲಿ ಕೂತಿದ್ದ ಸುಬ್ರಾಯ ಮೇಷ್ಟ್ರ ಮುಂದೆ ಕರಾರು ಪತ್ರ ಇಟ್ಟಳು. ಹಿಂಬದಿಯಲ್ಲಿ ಹನ್ನೆರಡನೆಯ ಗೆರೆ ಇತ್ತು.

"ಸಾಕ್ಷಿ ಸಹಿ ಹಾಕಿ."

"ಹೇಗೆ ಹೋಯ್ತು ದಾರಿ?"

"ಏರಿನಲ್ಲಿ ಗಾಡಿ ನಿಲ್ಲಿಸಿದೆ, ಅಭ್ಯಾಸ. ಇಳೀರಿ ಅಂದೆ. ಇಳೀಲಿಲ್ಲ." ಅವಳು ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು. "ಚೆನ್ನಾಗಿ ಬೈದೆ. ಬೈಬಾರದು ಅಂತ ಇರೋದು ಅವರಿಗೆ, ನಂಗಲ್ಲ."

ಮೇಷ್ಟ್ರು ಪೆನ್ನು ತೆಗೆದು 'ಪೂರೈಸಿದೆ' ಅಂತ ಬರೆದು ತಮ್ಮ ಸಹಿ ಹಾಕಿದರು. ಅವಳು ತನ್ನದು ಹಾಕಿದಳು. ಮೊದಲನೇ ಪಕ್ಷದವರ ಜಾಗ ಖಾಲಿ ಇತ್ತು.

"ಇಲ್ಲಿ ಏನು ಬರೆಯೋದು ನೀಲಮ್ಮ?"

"ಸಹಿ ಹಾಕಿಲ್ಲ ಅಂತ ಬರೀರಿ. ಕಾರಣ ಮಾತ್ರ ಬರೀಬೇಡಿ. ಅವರ ಕಾರಣ ಕೇಳಿ ಕೇಳಿ ನಂಗೆ ಸಾಕಾಗಿದೆ" ಅಂದಳು ನೀಲಾಂಬಿಕೆ. ಒಳಗೆ ಹೋಗಿ, ಕೇಳದೆಯೇ, ಮೇಷ್ಟ್ರಿಗೆ ಮೂರನೇ ಲೋಟ ಕಾಫಿ ತಂದಿಟ್ಟಳು.